ತೋಟ ಹಿಂದಿರುಗಿಸದೆ ಕೇಳಿದ ಕ್ಷಮೆ

ಓದುಗರ ಪ್ರಶ್ನೆ – ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು: ಕಥೆ, ಕಾದಂಬರಿಗಳಲ್ಲಿ ಬರುವ ತಪ್ಪಿತಸ್ಥ ಭಾವ, ಕ್ಷಮೆ, ಮಾಡಿದ ಹಾನಿಯನ್ನು ತುಂಬಿಕೊಡುವ ಪ್ರಯತ್ನ, ಮತ್ತು ಇವನ್ನು ಕ್ರೈಸ್ತ ನಂಬಿಕೆ ನೋಡುವ ಬಗೆ. ಆದ್ದರಿಂದ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ನಾಲ್ಕನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಸಣ್ಣಕಥೆ ಬರೆಯುತ್ತೇನೆ. ಈಚಿನ ಕಥೆಯೊಂದರಲ್ಲಿ ಕ್ರೈಸ್ತ ಕುಟುಂಬದ ಅಣ್ಣನೊಬ್ಬ, ತಂದೆ ತೀರಿಕೊಂಡ ಮೇಲೆ, ವಿಧವೆಯಾದ ತಂಗಿಗೆ ಸುಳ್ಳು ಹೇಳಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಅಡಿಕೆ ತೋಟವನ್ನೆಲ್ಲ ತನ್ನ ಹೆಸರಿಗೆ ಮಾಡಿಕೊಳ್ಳುತ್ತಾನೆ. ಇಪ್ಪತ್ತು ವರ್ಷಗಳ ನಂತರ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದಲ್ಲಿ ಅವನ ಮನಸ್ಸು ಕರಗುತ್ತದೆ, ಚರ್ಚಿನ ಗುರುಗಳ ಬಳಿ ಪಾಪನಿವೇದನೆ ಮಾಡುತ್ತಾನೆ. ಈಸ್ಟರ್ ದಿನ ತಂಗಿ ಬಂದು ಅವನನ್ನು ತಬ್ಬಿಕೊಂಡು, ‘ಎಲ್ಲವನ್ನೂ ಮರೆತುಬಿಟ್ಟೆ ಅಣ್ಣಾ’ ಎನ್ನುತ್ತಾಳೆ. ಕಥೆ ಓದಿದ ಗೆಳತಿ, ಕೊನೆ ಪೊಳ್ಳಾಗಿದೆ ಎಂದಳು. ಕ್ಷಮೆ ನಿಶ್ಶರ್ತವಾದುದು ಎಂಬುದೇ ಕ್ರೈಸ್ತ ನಂಬಿಕೆಯಲ್ಲವೇ? ಹಾಗಿರುವಾಗ ಈ ಕೊನೆಯಲ್ಲಿ ಏನು ತಪ್ಪಿದೆ?
— ದಕ್ಷಿಣ ಕನ್ನಡದ ಓದುಗರೊಬ್ಬರು

ಉತ್ತರ: ನಿಮ್ಮ ಗೆಳತಿಯ ಮಾತನ್ನು ನಾನೂ ಒಪ್ಪುತ್ತೇನೆ. ಕ್ಷಮೆ ಸುಲಭವಾಗಿ ಸಿಕ್ಕಿತು ಎಂದು ನನಗೆ ಬೇಸರವಿಲ್ಲ. ಕ್ಷಮಿಸಿದ ಹೆಂಗಸು ಯಾರೆಂಬುದೇ ಕಥೆಯಲ್ಲಿ ತಿಳಿಯುವುದಿಲ್ಲ ಎಂಬುದು ನನ್ನ ಕೊರಗು. ಸಹಿ ಹಾಕಿದ ದಿನ ಕಂಡ ತಂಗಿ ಮತ್ತೆ ಕಾಣಿಸಿಕೊಳ್ಳುವುದು ಅಣ್ಣನನ್ನು ತಬ್ಬಿಕೊಳ್ಳುವುದಕ್ಕೆ ಮಾತ್ರ. ನಡುವಿನ ಇಪ್ಪತ್ತು ವರ್ಷ ಅವಳು ಎಲ್ಲಿ ಬಾಡಿಗೆಗಿದ್ದಳು, ಮಕ್ಕಳ ಶಾಲೆಯ ಶುಲ್ಕವನ್ನು ಹೇಗೆ ಹೊಂದಿಸಿದಳು, ಅಜ್ಜನ ತೋಟಕ್ಕೆ ನಾವೇಕೆ ಹೋಗುವುದಿಲ್ಲ ಎಂದು ಮಕ್ಕಳು ಕೇಳಿದಾಗ ಏನು ಹೇಳಿದಳು ಎಂಬ ಒಂದು ಸಾಲೂ ಇಲ್ಲ. ಅಣ್ಣನ ನಿದ್ದೆಗೆಟ್ಟ ರಾತ್ರಿಗಳನ್ನು ನೀವು ಪುಟಗಟ್ಟಲೆ, ಚೆನ್ನಾಗಿಯೇ ಬರೆದಿದ್ದೀರಿ. ಆದರೆ ಕಥೆ ಮುಗಿದ ಮೇಲೂ ಪಹಣಿಯಲ್ಲಿ ಅವನ ಹೆಸರೇ ಇದೆ.

ಮೊದಲು ಗುರುಗಳ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ನಿಮ್ಮ ಕಥೆ ಧರ್ಮಶಾಸ್ತ್ರದ ದೃಷ್ಟಿಯಿಂದಲೂ ಎಡವಿದೆ. ನಿಮ್ಮ ಗುರುಗಳು ಎಲ್ಲವನ್ನೂ ಕೇಳಿ, ಕೈ ಎತ್ತಿ ಪಾಪವಿಮೋಚನೆ ನೀಡಿ, ಸಮಾಧಾನದಿಂದ ಹೋಗು ಎಂದು ಕಳಿಸಿಬಿಡುತ್ತಾರೆ. ಪಶ್ಚಾತ್ತಾಪ, ನಿವೇದನೆ, ಪರಿಹಾರ ಈ ಮೂರೂ ಪಾಪನಿವೇದನೆ ಮಾಡುವವನ ಪಾಲಿನ ಕೆಲಸವೆಂದು ಕಥೋಲಿಕ ಸಭೆ ಶತಮಾನಗಳಿಂದ ಬೋಧಿಸುತ್ತಾ ಬಂದಿದೆ. 1992ರಲ್ಲಿ ಪ್ರಕಟವಾದ ಅದರ ಧರ್ಮೋಪದೇಶ ಗ್ರಂಥವು, ಪಾಪವಿಮೋಚನೆಯು ಪಾಪವನ್ನು ತೆಗೆದುಹಾಕುತ್ತದೆಯೇ ಹೊರತು ಆ ಪಾಪದಿಂದ ಆದ ಕೆಡುಕನ್ನೆಲ್ಲ ಸರಿಪಡಿಸುವುದಿಲ್ಲ ಎಂದೂ, ಕದ್ದದ್ದನ್ನು ಹಿಂದಿರುಗಿಸುವುದು, ಕೆಡಿಸಿದ ಹೆಸರನ್ನು ಮತ್ತೆ ನಿಲ್ಲಿಸಿಕೊಡುವುದು ಮಾಡಿದವನ ಕರ್ತವ್ಯವೆಂದೂ ಸ್ಪಷ್ಟವಾಗಿ ಹೇಳುತ್ತದೆ. ಅನುಭವವಿರುವ ಯಾವ ಗುರುಗಳಾದರೂ ನಿಮ್ಮ ಅಣ್ಣನನ್ನು ಮೊದಲು ಕೇಳುವುದು ಒಂದೇ ಮಾತು: ‘ತಂಗಿಯ ಪಾಲು ಏನು ಮಾಡಿದೆ?’ ಅದು ದಯೆಯಿಂದ ಕೊಡುವ ಪಾಲೂ ಅಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಕ್ರೈಸ್ತ ಕುಟುಂಬದಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಈ ವಿವರ ಕಥೆಯಲ್ಲಿ ಬಂದರೆ ಅಣ್ಣನ ಸುಳ್ಳಿನ ತೂಕ ಓದುಗರಿಗೆ ಗೊತ್ತಾಗುತ್ತದೆ.

ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ. ಬೇಲಿಯಾಚೆ ಬಿದ್ದ ತೆಂಗಿನಕಾಯಿಗಳ ವಿಷಯಕ್ಕೆ ಪಕ್ಕದ ಮನೆಯವರೊಡನೆ ಮಾತು ಬಿಟ್ಟಿದ್ದ ಒಂದು ವರ್ಷ, ಪಾಪನಿವೇದನೆಗೆ ಹೊರಟವರು ಚರ್ಚಿನ ದಾರಿ ಹಿಡಿಯದೆ, ಸೆರಗಿನಲ್ಲಿ ಮೂರು ಕಾಯಿ ಕಟ್ಟಿಕೊಂಡು ಮೊದಲು ಆ ಮನೆಯ ಜಗಲಿಗೆ ಹೋಗಿ ನಿಂತರು. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ಸಹೋದರನೊಡನೆ ಸಮಾಧಾನ ಮಾಡಿಕೊಂಡು ಬಾ ಎಂಬ ಮಾತು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಇದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆ ಮನೆಯವರು ಕಾಯಿ ತೆಗೆದುಕೊಂಡರು, ಒಳಗೆ ಕರೆಯಲಿಲ್ಲ. ಅಜ್ಜಿ ಅಲ್ಲಿಂದ ಚರ್ಚಿಗೆ ಹೋದರು. ಆ ಮನೆಯವರು ಒಳಗೆ ಕರೆದದ್ದು ಮುಂದಿನ ಮಳೆಗಾಲದಲ್ಲಿ.

ಈಗ ನಿಮ್ಮ ತಂಗಿಯ ವಿಷಯ. ನೊಂದವಳಿಗೆ ಕಥೆಯಲ್ಲಿ ಎಷ್ಟು ಜಾಗ ಕೊಡಬೇಕು ಎಂಬುದನ್ನು ಟಾಲ್‌ಸ್ಟಾಯ್ 1899ರಲ್ಲಿ ಪ್ರಕಟವಾದ ‘ಪುನರುತ್ಥಾನ’ ಕಾದಂಬರಿಯಲ್ಲಿ ತೋರಿಸಿದಷ್ಟು ಚೆನ್ನಾಗಿ ಬೇರೆ ಯಾರೂ ತೋರಿಸಿಲ್ಲವೆಂದು ನನ್ನ ಅಭಿಪ್ರಾಯ. ನೆಖ್ಲುದೋವ್ ಎಂಬ ಸಿರಿವಂತ ತರುಣ ತನ್ನ ಅತ್ತೆಯರ ಮನೆಯಲ್ಲಿ ಬೆಳೆದ ಕತ್ಯೂಷಾ ಎಂಬ ಹುಡುಗಿಯನ್ನು, ನಿಮ್ಮ ಕಥೆಯಲ್ಲಿ ಅಣ್ಣತಂಗಿ ಒಂದಾಗುವ ಅದೇ ಈಸ್ಟರ್ ಹಬ್ಬದ ದಿನಗಳಲ್ಲಿ, ಕೆಡಿಸಿ, ಹೊರಡುವಾಗ ನೂರು ರೂಬಲ್ ನೋಟನ್ನು ಅವಳಿಗೆ ತುರುಕಿ ಹೋಗಿರುತ್ತಾನೆ. ವರ್ಷಗಳ ನಂತರ ನ್ಯಾಯಾಲಯದಲ್ಲಿ ಅವನು ತೀರ್ಮಾನ ಹೇಳುವ ಪಂಚರಲ್ಲಿ (ಜ್ಯೂರಿಯಲ್ಲಿ) ಒಬ್ಬ. ಕೊಲೆಯ ಆರೋಪ ಹೊತ್ತು ಕಟಕಟೆಯಲ್ಲಿ ನಿಂತಿರುವ ವೇಶ್ಯೆ ಅವಳೇ. ಕೊಲ್ಲುವ ಉದ್ದೇಶ ಅವಳಿಗಿರಲಿಲ್ಲ ಎಂಬ ನಾಲ್ಕು ಪದಗಳನ್ನು ತೀರ್ಮಾನದಲ್ಲಿ ಸೇರಿಸಲು ಪಂಚರು ಮರೆಯುತ್ತಾರೆ, ಅವನೂ ಮರೆಯುತ್ತಾನೆ. ಅವಳಿಗೆ ಸೈಬೀರಿಯಾದಲ್ಲಿ ನಾಲ್ಕು ವರ್ಷಗಳ ಕಠಿಣ ಶಿಕ್ಷೆಯಾಗುತ್ತದೆ. ಹೀಗೆ ಹಳೆಯ ಅಪರಾಧದ ಮೇಲೆ ಹೊಸದೊಂದು ಬಂದು ಕೂರುತ್ತದೆ.

ಅವನು ಕ್ಷಮೆ ಕೇಳಲು ಸೆರೆಮನೆಗೆ ಹೋಗುವ ದೃಶ್ಯವನ್ನು ನೀವು ನಿಧಾನವಾಗಿ ಓದಬೇಕು. ಭೇಟಿಯ ಕೋಣೆಯಲ್ಲಿ ಕೈದಿಗಳಿಗೂ ಬಂದವರಿಗೂ ನಡುವೆ ಎರಡು ತಂತಿಬಲೆಗಳಿವೆ, ಆ ಎರಡರ ನಡುವಿನ ಜಾಗದಲ್ಲಿ ಕಾವಲಿನವರು ಓಡಾಡುತ್ತಿದ್ದಾರೆ. ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಕೂಗುತ್ತಿರುವುದರಿಂದ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಇಷ್ಟು ವರ್ಷ ಬಾಯಿಗೆ ಬಾರದೆ ಇದ್ದ ಕ್ಷಮೆಯ ಮಾತನ್ನು ಅವನು ಆ ಗದ್ದಲದಲ್ಲಿ ಕೂಗಿ ಹೇಳಬೇಕಾಗುತ್ತದೆ; ಎದುರಿಗೆ ಇರುವವಳಿಗೆ ಅವನ ಗುರುತು ಕೂಡ ಮೊದಲು ಹತ್ತುವುದಿಲ್ಲ. ಆಮೇಲೆ ಬಲೆಯಿಲ್ಲದ ಕಡೆ ಮಾತನಾಡಲು ಅನುಮತಿ ಸಿಕ್ಕಾಗ ಅವನು ತಪ್ಪೊಪ್ಪಿಗೆಯನ್ನು ಹೇಳುತ್ತಾನೆ. ಅವಳು ಕಾವಲಿನವನ ಕಣ್ಣು ಬೇರೆಡೆ ಇರುವುದನ್ನು ಕಾದು, ಹತ್ತು ರೂಬಲ್ ಕೊಡುತ್ತೀರಾ ಎಂದು ಕೇಳುತ್ತಾಳೆ. ಅಂದು ಬೇಡವೆಂದರೂ ತುರುಕಿ ಹೋದ ನೂರಕ್ಕೂ ಇಂದು ಕೇಳಿ ಪಡೆದ ಹತ್ತಕ್ಕೂ ನಡುವೆ ಒಂದು ಹೆಣ್ಣಿನ ಬಾಳು ಏನಾಯಿತು ಎಂಬುದು ಒಂದು ಮಾತೂ ಇಲ್ಲದೆ ಅಲ್ಲಿ ಕಾಣುತ್ತದೆ. ಮುಂದಿನ ಭೇಟಿಯಲ್ಲಿ ಅವನು, ನಿನ್ನನ್ನು ಮದುವೆಯಾಗಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ ಎಂದಾಗ ಅವಳು ಸಿಡಿಯುತ್ತಾಳೆ: ಈ ಲೋಕದಲ್ಲಿ ನನ್ನಿಂದ ಸುಖಪಟ್ಟವನು ಪರಲೋಕದಲ್ಲೂ ನನ್ನನ್ನೇ ಬಳಸಿಕೊಂಡು ಉದ್ಧಾರವಾಗಲು ಬಂದೆಯಾ ಎಂಬ ಅರ್ಥದ ಮಾತು ಅದು. ಕ್ಷಮೆ ಕೇಳುವುದರಲ್ಲೂ ಸ್ವಾರ್ಥವಿರಬಹುದು ಎಂದು ಇಷ್ಟು ನೇರವಾಗಿ ಹೇಳುವ ಅಧಿಕಾರವನ್ನು ಲೇಖಕ ಅವಳಿಗೆ ಕೊಟ್ಟಿದ್ದಾನೆ. ಕೊನೆಗೆ ಅವಳು ಅವನನ್ನು ಮದುವೆಯಾಗುವುದೂ ಇಲ್ಲ. ಸೈಬೀರಿಯಾದ ದಾರಿಯಲ್ಲಿ ಜೊತೆಯಾದ ರಾಜಕೀಯ ಕೈದಿಯೊಬ್ಬನೊಡನೆ ಬಾಳಲು ನಿರ್ಧರಿಸುತ್ತಾಳೆ. ಅವನ ಪ್ರಾಯಶ್ಚಿತ್ತ ಅವನು ಯೋಚಿಸಿದ ರೂಪದಲ್ಲಿ ನೆರವೇರುವುದಿಲ್ಲ, ಆದರೂ ಅದು ಸುಳ್ಳಾಗುವುದಿಲ್ಲ. ಈ ಲೇಖಕನನ್ನು ಎರಡೇ ವರ್ಷಗಳಲ್ಲಿ, 1901ರಲ್ಲಿ, ರಷ್ಯಾದ ಆರ್ಥಡಾಕ್ಸ್ ಸಭೆ ಹೊರಗಿಟ್ಟಿತು ಎಂಬುದು ನಿಜ. ಕಾದಂಬರಿಯ ಕೊನೆಯಲ್ಲಿ ಸುವಾರ್ತೆಯ ವಾಕ್ಯಗಳನ್ನು ಉದ್ಧರಿಸುತ್ತಾ ಹೋಗುವ ಭಾಗ ನನಗೆ ಅಷ್ಟು ಹಿಡಿಸದು. ಸುವಾರ್ತೆ ಆ ಪುಸ್ತಕದಲ್ಲಿ ನನಗೆ ಕಾಣುವುದು ತಂತಿಬಲೆಯ ಬಳಿ.

ನಿಶ್ಶರ್ತ ಕ್ಷಮೆ ಎಂದಿರಿ. ಹೌದು, ಏಳೆಪ್ಪತ್ತು ಸಾರಿ ಕ್ಷಮಿಸು ಎಂದು ಕ್ರಿಸ್ತನು ತನ್ನ ಶಿಷ್ಯ ಪೇತ್ರನಿಗೆ ಹೇಳಿದ ಮಾತಿಗೆ ಯಾವ ಷರತ್ತೂ ಇಲ್ಲ. ಆದರೆ ಆ ಮಾತನ್ನು ಹೇಳಿರುವುದು ಕ್ಷಮಿಸಬೇಕಾದವನಿಗೆ. ತಪ್ಪು ಮಾಡಿದವನು ಅದನ್ನು ಕೈಯಲ್ಲಿ ಹಿಡಿದು, ನೊಂದವರ ಬಾಗಿಲಿಗೆ ಸಾಲ ವಸೂಲಿಗೆ ಬಂದಂತೆ ಬರಲಾಗದು. ಮರೆಯುವುದಂತೂ ಕ್ಷಮಿಸುವುದಕ್ಕಿಂತ ಬೇರೆಯೇ ಸಂಗತಿ. ಬೈಬಲ್ಲಿನ ಆದಿಕಾಂಡದ ಯೋಸೇಫನು ತನ್ನನ್ನು ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದ ಅಣ್ಣಂದಿರನ್ನು ಕ್ಷಮಿಸುತ್ತಾನೆ, ಆದರೆ ನೀವು ಮಾರಿದ ಯೋಸೇಫನೇ ನಾನು ಎಂದು ಹೆಸರಿಟ್ಟೇ ಹೇಳುತ್ತಾನೆ. ಅದಕ್ಕೂ ಮುಂಚೆ, ಮಾರೋಣವೆಂದು ಅಂದು ಸಲಹೆ ಕೊಟ್ಟ ಯೂದನೇ ಇಂದು ಕಿರಿಯ ತಮ್ಮನ ಬದಲಿಗೆ ತಾನು ದಾಸನಾಗುತ್ತೇನೆ ಎಂದು ಮುಂದೆ ಬರುವವರೆಗೂ ಯೋಸೇಫನು ತಾನು ಯಾರೆಂಬ ಗುಟ್ಟು ಬಿಡುವುದಿಲ್ಲ. ಇನ್ನೂ ಸೂಕ್ಷ್ಮವಾದುದು ಆಮೇಲಿನದು: ತಂದೆ ಐಗುಪ್ತಕ್ಕೆ (ಈಜಿಪ್ಟಿಗೆ) ಬಂದು ಹದಿನೇಳು ವರ್ಷ ಬದುಕಿ ತೀರಿಕೊಂಡಾಗ, ಈಗ ಇವನು ಸೇಡು ತೀರಿಸಿಕೊಳ್ಳುತ್ತಾನೇನೋ ಎಂದು ಆ ಅಣ್ಣಂದಿರು ಮತ್ತೆ ನಡುಗುತ್ತಾರೆ. ಅದನ್ನು ಕೇಳಿ ಯೋಸೇಫನು ಅಳುತ್ತಾನೆ. ಸಿಕ್ಕ ಕ್ಷಮೆಯನ್ನು ನಂಬುವುದಕ್ಕೆ ಅವರಿಗೆ ಹದಿನೇಳು ವರ್ಷ ಸಾಲದೆ ಹೋಗಿತ್ತು. ನಿಮ್ಮ ಅಣ್ಣನಿಗೆ ಒಂದು ಬೆಳಗು ಸಾಕಾಗಿದೆ.

ಕೊನೆಯನ್ನು ಹೇಗೆ ಬರೆಯಬೇಕೆಂದು ಹೇಳುವುದು ನನ್ನ ಕೆಲಸವಲ್ಲ, ಆದರೂ ಒಂದೆರಡು ಸಾಧ್ಯತೆಗಳನ್ನು ಮುಂದಿಡುತ್ತೇನೆ. ಅಣ್ಣ ತಪಸ್ಸು ಕಾಲದಲ್ಲೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಛಾಪಾ ಕಾಗದದ ಖರ್ಚು ತಾನೇ ಹಾಕಿ, ತಂಗಿಯ ಪಾಲನ್ನು ಅವಳ ಹೆಸರಿಗೆ ಬರೆದುಕೊಡಲು ದಿನ ಗೊತ್ತು ಮಾಡಲಿ. ಆ ದಿನ ಅವಳು ಬಾರದೆ ಇರಲಿ. ಅಥವಾ ಬಂದು, ಕಾಗದವನ್ನು ಸ್ವೀಕರಿಸಿ, ಅವನ ಮನೆಯ ಊಟವನ್ನು ಮಾತ್ರ ಒಲ್ಲೆನೆನ್ನಲಿ. ಅಥವಾ ಅವಳು ಎಂದೋ ಅವನನ್ನು ಕ್ಷಮಿಸಿ ಮುಗಿಸಿರಲಿ, ತನ್ನ ಎದೆಯ ಭಾರ ಇಳಿಸಿಕೊಳ್ಳಲೆಂದು, ಅವನಿಗೆ ಹೇಳುವ ಅಗತ್ಯವೂ ಕಾಣದೆ. ಯಾವುದನ್ನು ಆರಿಸಿದರೂ ಸರಿ, ಅದಕ್ಕೆ ಮೊದಲು ಅವಳ ಇಪ್ಪತ್ತು ವರ್ಷಗಳನ್ನು ಬರೆಯಿರಿ. ಆಗ ಅವಳೇ ಈಸ್ಟರ್ ದಿನ ಬಂದು ತಬ್ಬಿಕೊಂಡರೂ ನಾನು ನಂಬುತ್ತೇನೆ.

ಪ್ರಶ್ನೆ: ರಕ್ಷಣೆ ದೇವರ ಕೃಪೆಯಿಂದ ಮಾತ್ರ, ಕ್ರಿಯೆಗಳಿಂದಲ್ಲ ಎಂದು ನಮ್ಮ ಸಭೆಯಲ್ಲಿ ಕಲಿತವನು ನಾನು. ತಪ್ಪು ಮಾಡಿದವನು ನಷ್ಟ ತುಂಬಿಕೊಟ್ಟ ಮೇಲೆಯೇ ಅವನಿಗೆ ನೆಮ್ಮದಿ ಸಿಗುವ ಕಥೆಗಳು ಕ್ಷಮೆಯನ್ನು ಬೆಲೆ ಕೊಟ್ಟು ಕೊಳ್ಳುವ ವಸ್ತುವಾಗಿ ಮಾಡುವುದಿಲ್ಲವೇ?
— ಧಾರವಾಡದ ಓದುಗರೊಬ್ಬರು

ಉತ್ತರ: ಹಾಗೆ ಮಾಡುವ ಕಥೆಗಳು ಬಹಳ ಇವೆ, ನಿಮ್ಮ ಅಸಮಾಧಾನ ನ್ಯಾಯವಾದುದು. ಆದರೆ ಲೂಕನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ ಜಕ್ಕಾಯನ ಪ್ರಸಂಗ ನಡೆಯುವ ಕ್ರಮವನ್ನು ನೋಡಿ. ಮರ ಹತ್ತಿ ಕುಳಿತವನನ್ನು ಯೇಸು ಹೆಸರು ಹಿಡಿದು ಕರೆದು, ಈ ಹೊತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಎನ್ನುತ್ತಾನೆ. ಲೆಕ್ಕ ಕೇಳುವುದಿಲ್ಲ, ಬೈಯುವುದಿಲ್ಲ. ಜನ ಗುಣುಗುಟ್ಟುತ್ತಾರೆ. ಆಗ ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಒಂದಕ್ಕೆ ನಾಲ್ಕು ಎನ್ನುತ್ತಾನೆ. ತಾನಾಗಿ ತಪ್ಪೊಪ್ಪಿಕೊಂಡವನು ಅಸಲಿನ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಬೈಬಲ್ಲಿನ ಅರಣ್ಯಕಾಂಡದ ಐದನೆಯ ಅಧ್ಯಾಯದ ನಿಯಮವಿತ್ತು. ಒಂದಕ್ಕೆ ನಾಲ್ಕು ಎಂಬುದು ವಿಮೋಚನಕಾಂಡದಲ್ಲಿ ಕುರಿಗಳ್ಳನಿಗೆ ಹೇಳಿದ ದಂಡ. ಯಾರೂ ಕೇಳದಿದ್ದರೂ ಜಕ್ಕಾಯನು ತನಗೆ ತಾನೇ ಕಳ್ಳನ ದರವನ್ನು ಹಾಕಿಕೊಂಡ. ಕೃಪೆ ಮೊದಲು ಮನೆಗೆ ಬಂತು, ನಾಲ್ಕರಷ್ಟು ಆಮೇಲೆ ಹೊರಗೆ ಹೋಯಿತು. ಈ ಕ್ರಮ ತಲೆಕೆಳಗಾದ ಕಥೆಗಳ ಬಗ್ಗೆ ನಿಮ್ಮ ದೂರನ್ನು ನಾನೂ ಹಂಚಿಕೊಳ್ಳುತ್ತೇನೆ. ಆದರೆ ಎರಡನೆಯ ಭಾಗವನ್ನೇ ಬಿಟ್ಟುಬಿಡುವ ಕಥೆ ಯೆರಿಕೋವಿನ ಬಡವರ ಮುಖ ನೋಡಲಾರದು.

ಪ್ರಶ್ನೆ: ಯೇಸುವಿನ ಶಿಷ್ಯರಾದ ಇಸ್ಕರಿಯೋತ ಯೂದನೂ ಪೇತ್ರನೂ ಒಂದೇ ರಾತ್ರಿ ತಮ್ಮ ಗುರುವಿಗೆ ದ್ರೋಹ ಮಾಡಿದರು. ಯೂದನಾದರೂ ಹಣವನ್ನು ಹಿಂದಿರುಗಿಸಿದ, ಪೇತ್ರ ಬರಿದೆ ಅತ್ತ. ಆದರೂ ಒಬ್ಬ ಖಳನಾಗಿಯೂ ಇನ್ನೊಬ್ಬ ಸಂತನಾಗಿಯೂ ಉಳಿದದ್ದು ಹೇಗೆ? ಇದರಲ್ಲಿ ಕಥೆಗಾರರು ಕಲಿಯುವುದೇನಾದರೂ ಇದೆಯೇ?
— ಬೆಂಗಳೂರಿನ ಕಾಲೇಜು ವಿದ್ಯಾರ್ಥಿನಿ

ಉತ್ತರ: ಯೂದನಿಗೆ ಕೊನೆಯಲ್ಲಿ ಏನಾಯಿತೆಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ, ಅದು ದೇವರಿಗೆ ಬಿಟ್ಟದ್ದು. ಆದರೆ ಅವನು ಎಲ್ಲಿಗೆ ಹೋದ ಎಂಬುದನ್ನು ಗಮನಿಸಿ. ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಎಂದು ಅವನು ಒಪ್ಪಿಕೊಂಡದ್ದು ಹಣ ಕೊಟ್ಟವರ ಎದುರಿಗೆ. ಅವರ ಉತ್ತರ: ಅದು ನಮಗೇನು, ನೀನೇ ನೋಡಿಕೋ. ತಪ್ಪೊಪ್ಪಿಗೆಗೆ ಇದಕ್ಕಿಂತ ಕಠೋರವಾದ ಉತ್ತರವನ್ನು ನಾನು ಎಲ್ಲಿಯೂ ಓದಿಲ್ಲ. ನಮ್ಮ ಭಾಷೆಯ ‘ಪಶ್ಚಾತ್ತಾಪ’ ಎಂದರೆ ಆಮೇಲಿನ ಉರಿ. ಯೂದನಲ್ಲಿ ಆ ಉರಿ ಧಾರಾಳವಾಗಿತ್ತು. ಕನ್ನಡ ಬೈಬಲ್ಲಿನಲ್ಲಿ ಸ್ನಾನಿಕ ಯೋಹಾನನ ಬಾಯಲ್ಲಿ ಬರುವ ಮಾತು ‘ತಿರುಗಿಕೊಳ್ಳಿರಿ’ ಎಂಬುದು. ತಿರುಗಿದಾಗ ಎದುರಿಗೆ ಯಾರಾದರೂ ನಿಂತಿರಬೇಕು, ಯೂದನ ಎದುರಿಗೆ ನಿಂತವರು ಮುಖ ತಿರುವಿದರು.

ಪೇತ್ರನಿಗೆ ಎದುರಾದದ್ದು ಬೇರೆ. ಮಹಾಯಾಜಕನ ಅಂಗಳದಲ್ಲಿ ಚಳಿಗೆ ಇದ್ದಲ ಬೆಂಕಿ ಮಾಡಿಕೊಂಡು ಆಳುಗಳು ನಿಂತಿದ್ದರು, ಅಲ್ಲಿ ಮೈ ಕಾಯಿಸಿಕೊಳ್ಳುತ್ತಾ ಪೇತ್ರನು, ಯೇಸುವನ್ನು ನಾನರಿಯೆ ಎಂದ. ಪುನರುತ್ಥಾನದ ನಂತರ ಸರೋವರದ ದಡದಲ್ಲಿ, ರಾತ್ರಿಯೆಲ್ಲ ಬಲೆ ಬೀಸಿ ಬಂದ ಶಿಷ್ಯರಿಗೆ ಯೇಸು ಮೀನು ಸುಡುತ್ತಾ ಕಾದಿರುವುದೂ ಇದ್ದಲ ಬೆಂಕಿಯ ಬಳಿಯೇ. ಗ್ರೀಕ್ ಮೂಲದಲ್ಲಿ ಇದಕ್ಕೆ ಬಳಸಿದ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಯೋಹಾನನ ಸುವಾರ್ತೆಯ ಈ ಎರಡೇ ಕಡೆ. ಅದೇ ಹೊಗೆಯ ವಾಸನೆ ಮೂಗಿಗೆ ಬಡಿದಾಗ ಪೇತ್ರನ ಹೊಟ್ಟೆಯಲ್ಲಿ ಏನಾಗಿರಬೇಕು! ಸುವಾರ್ತೆ ಅದನ್ನು ಹೇಳುವುದಿಲ್ಲ. ಮೊದಲು ಊಟವಾಗುತ್ತದೆ. ಏಕೆ ಹಾಗೆ ಮಾಡಿದೆ ಎಂಬ ಪ್ರಶ್ನೆ ಬರುವುದೇ ಇಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂಬ ಪ್ರಶ್ನೆ ಮೂರು ಸಾರಿ ಬರುತ್ತದೆ, ಅರಿಯೆನೆಂದದ್ದೂ ಮೂರು ಸಾರಿ. ಮೂರನೆಯ ಸಾರಿಗೆ ಪೇತ್ರನಿಗೆ ನೋವಾಯಿತು ಎಂದು ಬರೆದಿದೆ. ಪ್ರತಿ ಉತ್ತರಕ್ಕೂ ಒಂದು ಕೆಲಸ ಸಿಗುತ್ತದೆ: ನನ್ನ ಕುರಿಗಳನ್ನು ಮೇಯಿಸು. ಕಥೆಗಾರರು ಕಲಿಯುವುದೇನು ಎಂದು ಕೇಳಿದಿರಿ. ಕ್ಷಮೆಯ ದೃಶ್ಯವನ್ನು ಬರೆಯುವಾಗ ತಪ್ಪು ನಡೆದ ಜಾಗದ ಒಂದು ವಸ್ತುವನ್ನು ತಂದಿಡಿ, ಮಾತನ್ನು ಕಡಿಮೆ ಮಾಡಿ. ಇದನ್ನು ನಾನು ಸುವಾರ್ತೆಯ ಯೋಹಾನನಿಂದಲೇ ಕಲಿತದ್ದು.

ಪ್ರಶ್ನೆ: ಅನ್ಯಾಯಕ್ಕೆ ಒಳಗಾದವರು ಸತ್ತುಹೋಗಿದ್ದರೆ ಅಥವಾ ಎಲ್ಲಿದ್ದಾರೆಂದೇ ತಿಳಿಯದಿದ್ದರೆ ತಪ್ಪು ಮಾಡಿದ ಪಾತ್ರ ಏನು ಮಾಡಬೇಕು?
— ಮೈಸೂರಿನ ಓದುಗರೊಬ್ಬರು

ಉತ್ತರ: ತೆಗೆದುಕೊಳ್ಳುವ ನೆಂಟನೂ ಇಲ್ಲದಿದ್ದರೆ ಪರಿಹಾರವನ್ನು ಯಾಜಕನಿಗೆ ಸಲ್ಲಿಸಬೇಕೆಂದು ಅರಣ್ಯಕಾಂಡದಲ್ಲೇ ಇದೆ; ಸಾಲ ಕೊಟ್ಟವನು ಕಾಣದಿದ್ದರೂ ಸಾಲ ಉಳಿಯುತ್ತದೆ ಎಂಬ ಅರ್ಥದಲ್ಲಿ. ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸರಾಬ್ಲ್’ ಕಾದಂಬರಿಯಲ್ಲಿ, ಕದ್ದ ಬೆಳ್ಳಿಯ ಜೊತೆಗೆ ದೀಪದ ಕಂಬಗಳನ್ನೂ ಕೊಟ್ಟು ಕಳಿಸಿದ ಬಿಷಪ್ಪರಿಂದ ಕ್ಷಮೆ ಪಡೆದ ಮೇಲೂ ಜಾನ್ ವಾಲ್‌ಜಾನ್ ಒಬ್ಬ ಅಲೆಮಾರಿ ಹುಡುಗನ ನಲವತ್ತು ಸೂ ನಾಣ್ಯವನ್ನು ಕಾಲಡಿ ಹಾಕಿಕೊಳ್ಳುತ್ತಾನೆ. ಎಚ್ಚೆತ್ತು ಹುಡುಕಿದಾಗ ಹುಡುಗ ಸಿಗುವುದಿಲ್ಲ. ಮುಂದೆ ಸಿರಿವಂತನಾದಾಗ, ಊರಿಗೆ ಬರುವ ಅಂಥ ಹುಡುಗರನ್ನೆಲ್ಲ ಕರೆಸಿ, ಹೆಸರು ಕೇಳಿ, ಹಣ ಕೊಡುತ್ತಾನೆ. ಆ ಒಬ್ಬನು ಬರುವುದೇ ಇಲ್ಲ.

ಸತ್ತವರ ವಿಷಯಕ್ಕೆ 1866ರಲ್ಲಿ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ದಾಸ್ತೋಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನು ಓದಿ. ರಾಸ್ಕೋಲ್ನಿಕೋವ್ ಕೊಡಲಿಯಿಂದ ಕೊಂದದ್ದು ಇಬ್ಬರನ್ನು: ಬಡ್ಡಿಗೆ ಸಾಲ ಕೊಡುವ ಮುದುಕಿಯನ್ನು, ಮತ್ತು ಅಕಸ್ಮಾತ್ತಾಗಿ ಒಳಗೆ ಬಂದ ಅವಳ ತಂಗಿ ಲಿಜವೇತಾಳನ್ನು. ಕ್ಷಮಿಸಬಲ್ಲವರು ಯಾರೂ ಉಳಿದಿಲ್ಲ. ನಾಲ್ಕು ದಾರಿ ಕೂಡುವಲ್ಲಿ ಬಾಗಿ, ನೆಲಕ್ಕೆ ಮುತ್ತಿಟ್ಟು, ಕೊಂದೆನೆಂದು ಎಲ್ಲರೆದುರು ಹೇಳು ಎಂದು, ಅವನು ಗುಟ್ಟನ್ನು ಹೇಳಿಕೊಂಡ ಸೋನ್ಯಾ ಎಂಬ ಹುಡುಗಿ ಹೇಳುತ್ತಾಳೆ. ಅವನು ಬಾಗುತ್ತಾನೆ, ಸುತ್ತಲಿನವರು ಕುಡುಕನೆಂದು ನಗುತ್ತಾರೆ, ಮಾತು ಗಂಟಲಲ್ಲೇ ನಿಲ್ಲುತ್ತದೆ. ಪೊಲೀಸರ ಮುಂದೆ ಒಪ್ಪಿಕೊಂಡು ಎಂಟು ವರ್ಷಗಳ ಶಿಕ್ಷೆಗೆ ಸೈಬೀರಿಯಾ ಸೇರಿದ ಮೇಲೂ ಅವನ ಎದೆ ಕಲ್ಲಾಗಿಯೇ ಇರುತ್ತದೆ. ತಪ್ಪೊಪ್ಪಿಗೆ ಮೊದಲು ಬಂದು ಮನಸ್ಸು ತಿರುಗುವುದು ಬಹಳ ತಡವಾಗಿ. ಕೊನೆಯಲ್ಲಿ ಅವನ ದಿಂಬಿನ ಕೆಳಗೆ ಒಂದು ಹೊಸ ಒಡಂಬಡಿಕೆ ಇದೆ, ಸತ್ತ ಲಾಜರನು ಎದ್ದ ಭಾಗವನ್ನು ಸೋನ್ಯಾ ಅವನಿಗೆ ಓದಿ ಹೇಳಿದ್ದು ಅದರಿಂದಲೇ. ಅವನು ಅದನ್ನು ಇನ್ನೂ ತೆರೆದಿಲ್ಲ. ಆ ಪುಸ್ತಕ ಸೋನ್ಯಾಳ ಕೈಗೆ ಎಲ್ಲಿಂದ ಬಂತೆಂದು ಲೇಖಕ ಬಹಳ ಹಿಂದೆಯೇ, ಒಂದೇ ಸಾಲಿನಲ್ಲಿ ಹೇಳಿದ್ದಾನೆ. ಅದನ್ನು ಅವಳಿಗೆ ತಂದುಕೊಟ್ಟವಳು ಲಿಜವೇತಾ.